ರಸ್ತೆಗೆ ಯಾರ ಹೆಸರು ಅನ್ನೋದು ಸಣ್ಣ ಪ್ರಶ್ನೆ ಅಲ್ಲ



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ಬರೋ ವಾರ ನಮ್ಮೂರಲ್ಲಿ ಗ್ರಾಮಸಭೆ ಇದೆ. ಹೆದ್ದಾರಿಯ ಸರ್ವಿಸ್ ರಸ್ತೆಯಿಂದ ನಮ್ಮ ಕೇರಿ ದಾಟಿ ಊರೊಳಗೆ ಹೋಗೋ ಎರಡು ಕಿಲೋಮೀಟರ್ ರಸ್ತೆಗೆ ನಮ್ಮ ಮೇಷ್ಟ್ರ ಹೆಸರು ಇಡಿ ಅಂತ ನಾವು ನಾಲ್ಕನೇ ಸಲ ಅರ್ಜಿ ಕೊಡ್ತಾ ಇದ್ದೀವಿ. ಮೊದಲ ಮೂರು ಸಲವೂ ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು: 'ಮುಂದಿನ ಸಭೆಗೆ ಮುಂದೂಡಲಾಗಿದೆ.'

ಇದನ್ನ ಹೇಳಿದ್ರೆ ನಮ್ಮ ಸಂಗಾತಿಗಳೇ ಕೆಲವರು ನಗ್ತಾರೆ. 'ಭೂಮಿ ಕೇಳೋದು ಬಿಟ್ಟು ಬೋರ್ಡ್ ಕೇಳ್ತಾ ಇದ್ದೀಯಲ್ಲ ಮಾರಾಯ' ಅಂತಾರೆ. ಅವರಿಗೂ, ನನಗೂ ಸೇರಿಸಿ ಈ ಉತ್ತರ ಬರೀತಾ ಇದ್ದೀನಿ.

ಮೊದಲು, ರಸ್ತೆಗೆ ಹೆಸರು ಹೇಗೆ ಬರುತ್ತೆ ಅನ್ನೋದನ್ನ ನೋಡೋಣ.

ರಾಷ್ಟ್ರೀಯ ಹೆದ್ದಾರಿಗೆ ಕಾಗದದ ಮೇಲೆ ಇರೋದು ನಂಬರ್. 2010ರಲ್ಲಿ ಕೇಂದ್ರ ಸರ್ಕಾರ ಹಳೆ ನಂಬರುಗಳನ್ನೆಲ್ಲ ಬದಲಾಯಿಸ್ತು. ಉತ್ತರ-ದಕ್ಷಿಣ ಹೋಗೋ ರಸ್ತೆಗೆ ಸಮಸಂಖ್ಯೆ, ಪೂರ್ವ-ಪಶ್ಚಿಮ ಹೋಗೋದಕ್ಕೆ ಬೆಸಸಂಖ್ಯೆ. ನಾವು ಚಿಕ್ಕಂದಿನಿಂದ ಎನ್‌ಎಚ್ 4 ಅಂತಿದ್ದ ಪುಣೆ ರಸ್ತೆ 48 ಆಯ್ತು, ಎನ್‌ಎಚ್ 7 ಅಂತಿದ್ದದ್ದು 44 ಆಯ್ತು. ಯಾರೂ ಗಲಾಟೆ ಮಾಡಲಿಲ್ಲ. ನಂಬರಿಗೆ ಜಾತಿ ಇಲ್ಲ.

ಹೆಸರಿನ ವಿಷಯ ಹಾಗಲ್ಲ. ನಗರದಲ್ಲಾದ್ರೆ ಪಾಲಿಕೆ ಸಭೆಯಲ್ಲಿ ನಿರ್ಣಯ ಆಗಬೇಕು, ಆಕ್ಷೇಪಣೆ ಕರೀಬೇಕು, ಸರ್ಕಾರದಿಂದ ಒಪ್ಪಿಗೆ ಬರಬೇಕು. ಹಳ್ಳಿಯಲ್ಲಾದ್ರೆ ಗ್ರಾಮಸಭೆಯಲ್ಲಿ ಎತ್ತಬೇಕು, ಪಂಚಾಯ್ತಿ ಸಭೆಯಲ್ಲಿ ಠರಾವು ಆಗಬೇಕು. ರಸ್ತೆ ಪಿಡಬ್ಲ್ಯುಡಿಯದಾದ್ರೆ ಫೈಲು ಅಲ್ಲಿಗೂ ಹೋಗಬೇಕು. ಕೇಳೋಕೆ ಸರಳವಾಗೇ ಇದೆ. ಆದ್ರೆ ಆ ಸಭೆಯಲ್ಲಿ ಕುರ್ಚಿ ಮೇಲೆ ಕೂತಿರೋರು ಯಾರು, ಬಾಗಿಲ ಹತ್ರ ನಿಂತಿರೋರು ಯಾರು ಅನ್ನೋದರ ಮೇಲೆ ಹೆಸರು ತೀರ್ಮಾನ ಆಗುತ್ತೆ. ಕುರ್ಚಿಯವರಿಗೆ ಮನಸ್ಸಿದ್ರೆ ಫೈಲು ಓಡುತ್ತೆ. ಅಪ್ಪು ತೀರಿಕೊಂಡಿದ್ದು 2021ರ ಅಕ್ಟೋಬರ್ 29ಕ್ಕೆ. 2023ರ ಫೆಬ್ರವರಿ ಹೊತ್ತಿಗೆ ಬೆಂಗಳೂರಿನ ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆ ತನಕದ ರಿಂಗ್ ರೋಡಿಗೆ ಪುನೀತ್ ರಾಜ್‌ಕುಮಾರ್ ಹೆಸರು ಬಂತು. ಅದಕ್ಕೆ ನನ್ನ ತಕರಾರಿಲ್ಲ. ಅಪ್ಪು ಅಂದ್ರೆ ನಮ್ಮ ಕೇರಿ ಹುಡುಗ್ರಿಗೂ ಪ್ರಾಣ. ಜನ ಪ್ರೀತಿಸಿದವರ ಹೆಸರು ಒಂದೂವರೆ ವರ್ಷದ ಒಳಗೆ ಇಡೋಕೆ ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮ ಮೇಷ್ಟ್ರು ತೀರಿಕೊಂಡು ಆರು ವರ್ಷ ಆಯ್ತು.

ಒಂದು ಹೆಸರು ಎಷ್ಟು ದೊಡ್ಡ ಚರಿತ್ರೆ ಹೊತ್ಕೊಂಡಿರುತ್ತೆ ಅನ್ನೋದಕ್ಕೆ ಮೈಸೂರಿನ ಸಯ್ಯಾಜಿರಾವ್ ರಸ್ತೆ ನೋಡಿ. ಜಂಬೂಸವಾರಿ ಹೋಗೋ ರಸ್ತೆ ಅದು. ಬರೋಡಾದ ಮಹಾರಾಜ ಮೂರನೇ ಸಯ್ಯಾಜಿರಾವ್ ಗಾಯಕವಾಡರ ಹೆಸರು. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದೋಕೆ ಹೋಗಿದ್ದು ಇವರು ಕೊಟ್ಟ ವಿದ್ಯಾರ್ಥಿವೇತನದಿಂದ. ಆ ರಸ್ತೆಯಲ್ಲಿ ದಿನಾ ಸಾವಿರಾರು ಜನ ಬಟ್ಟೆ ಕೊಳ್ತಾರೆ, ಸಿಹಿ ಕೊಳ್ತಾರೆ. ಎಷ್ಟು ಜನಕ್ಕೆ ಈ ವಿಷಯ ಗೊತ್ತು? ಹೆಸರು ಉಳ್ಕೊಂಡು ಕತೆ ಕಳೆದು ಹೋಗಿದೆ. ಹಾಗಂತ ಹೆಸರು ದಂಡ ಅಂತ ನಾನು ಹೇಳಲ್ಲ. ಹೆಸರು ಇದ್ದದ್ದಕ್ಕೇ ಅಲ್ವಾ ಇವತ್ತು ಆ ಕತೆ ಹೇಳೋಕೆ ನನಗೊಂದು ನೆಪ ಸಿಕ್ಕಿದ್ದು.

ಈಗ ರಸ್ತೆಗೂ ನಮಗೂ ಇರೋ ಸಂಬಂಧ.

ನಮ್ಮಪ್ಪ ಹೇಳ್ತಿದ್ರು. ಅವರು ಹುಡುಗರಾಗಿದ್ದಾಗ ಊರೊಳಗಿನ ಬೀದಿಗೆ ಬಂದ್ರೆ ಚಪ್ಪಲಿ ಕಳಚಿ ಕೈಲಿ ಹಿಡ್ಕೋಬೇಕಿತ್ತಂತೆ. ಬೀದಿ ಮುಗಿದ ಮೇಲೆ ಮತ್ತೆ ಮೆಟ್ಕೋಬೇಕು. ಸೈಕಲ್ ಇದ್ದವರು ಇಳಿದು ತಳ್ಕೊಂಡು ಹೋಗಬೇಕು. ನಿಮ್ಮ ಅಪ್ಪ-ಅವ್ವನ್ನ ಕೇಳಿ, ಬಹಳ ಊರುಗಳಲ್ಲಿ ಇದೇ ಕತೆ. ರಸ್ತೆ ಅನ್ನೋದು ನಮಗೆ ಎಂದೂ ಬರೀ ರಸ್ತೆ ಆಗಿರಲಿಲ್ಲ.

ಕೇರಳದ ಅಯ್ಯನ್‌ಕಾಳಿ 1893ರಲ್ಲಿ ಒಂದು ಎತ್ತಿನ ಗಾಡಿ ಕೊಂಡು, ತಲೆಗೆ ರುಮಾಲು ಸುತ್ತಿ, ನಮ್ಮವರು ಕಾಲಿಡಬಾರದು ಅಂತಿದ್ದ ರಸ್ತೆಯಲ್ಲಿ ಗಾಡಿ ಹೊಡೆದರು. ಅಷ್ಟೇ ಅವರು ಮಾಡಿದ್ದು. ಅದು ದಂಗೆ ಅನ್ನಿಸಿಕೊಳ್ತು. 1924ರ ವೈಕಂ ಸತ್ಯಾಗ್ರಹ ಕೇಳಿದ್ದು ಗರ್ಭಗುಡಿ ಪ್ರವೇಶ ಅಲ್ಲ, ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕು. ಆರುನೂರು ದಿನ ನಡೀತು. ಅಷ್ಟಾದ ಮೇಲೂ ನಾಲ್ಕು ದಿಕ್ಕಿನ ರಸ್ತೆಯಲ್ಲಿ ಮೂರು ಮಾತ್ರ ತೆರೆದರು, ಪೂರ್ವದ್ದು ಮುಚ್ಚೇ ಇತ್ತು.

ನಮ್ಮ ಮಂಗಳೂರಿನ ಕುದ್ಮುಲ್ ರಂಗರಾಯರ ವಿಷಯ ನಿಮಗೆ ಗೊತ್ತಿರುತ್ತೆ. ಹುಟ್ಟಿನಿಂದ ಸಾರಸ್ವತ ಬ್ರಾಹ್ಮಣರು. ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದವರು. ಅವರ ಆಸೆ ಏನಾಗಿತ್ತು ಅಂತ ಕರಾವಳಿಯಲ್ಲಿ ಇವತ್ತಿಗೂ ಹೇಳ್ತಾರೆ. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಕೆಲಸಕ್ಕೆ ಸೇರಿ ಇದೇ ರಸ್ತೆಯಲ್ಲಿ ಕಾರಲ್ಲಿ ಹೋಗಬೇಕು, ಆ ಕಾರು ಎಬ್ಬಿಸೋ ಧೂಳು ತಮ್ಮ ತಲೆ ಮೇಲೆ ಬೀಳಬೇಕು, ಆಗ ಜನ್ಮ ಸಾರ್ಥಕ ಅಂತ. ಮಂಗಳೂರು ಪುರಭವನಕ್ಕೆ ಅವರ ಹೆಸರಿದೆ. ಆ ಆಸೆಯಲ್ಲಿ ಇರೋದೂ ರಸ್ತೆಯೇ ನೋಡಿ.

'ಹೆಸರಲ್ಲಿ ಏನಿದೆ ಬಿಡಿ' ಅನ್ನೋರಿಗೆ ನಾನು ಮೂರು ಘಟನೆ ನೆನಪು ಮಾಡ್ತೀನಿ.

ಒಂದು, ಮರಾಠವಾಡಾ. 1978ರ ಜುಲೈ 27ಕ್ಕೆ ಮಹಾರಾಷ್ಟ್ರದ ವಿಧಾನಮಂಡಲ ಔರಂಗಾಬಾದಿನ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರು ಇಡೋ ನಿರ್ಣಯ ಮಾಡ್ತು. ಮರುದಿನದಿಂದಲೇ ಹಳ್ಳಿ ಹಳ್ಳಿಗಳಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಬಿತ್ತು. ಪೋಚಿರಾಮ್ ಕಾಂಬಳೆ ಅವರಂಥವರು ಜೀವ ಕೊಟ್ಟರು. ಹೆಸರು ಬಂದದ್ದು 1994ರ ಜನವರಿ 14ಕ್ಕೆ, ಹದಿನಾರು ವರ್ಷ ಕಾದ ಮೇಲೆ. ಅದೂ ಪೂರ್ತಿ ಅಲ್ಲ. 'ಮರಾಠವಾಡಾ' ಅನ್ನೋದನ್ನ ಉಳಿಸಿಕೊಂಡು ಅದರ ಮುಂದೆ ಬಾಬಾಸಾಹೇಬರ ಹೆಸರು ಸೇರಿಸಿದ್ರು. ನಾಮಾಂತರ ಕೇಳಿದ್ದಕ್ಕೆ ನಾಮವಿಸ್ತಾರ ಸಿಕ್ತು.

ಎರಡು, ತಮಿಳುನಾಡು. ಅಲ್ಲಿ ಸರ್ಕಾರಿ ಸಾರಿಗೆ ನಿಗಮಗಳಿಗೆ, ಜಿಲ್ಲೆಗಳಿಗೆ ನಾಯಕರ ಹೆಸರು ಇಡೋ ಪದ್ಧತಿ ಇತ್ತು. ಎಷ್ಟೋ ಹೆಸರು ಇಟ್ಟಾಗ ಯಾರಿಗೂ ತೊಂದರೆ ಆಗಲಿಲ್ಲ. 1997ರಲ್ಲಿ ದಕ್ಷಿಣದ ಒಂದು ನಿಗಮಕ್ಕೆ ವೀರನ್ ಸುಂದರಲಿಂಗಂ ಹೆಸರು ಇಟ್ಟರು. ಬ್ರಿಟಿಷರ ವಿರುದ್ಧ ಕಟ್ಟಬೊಮ್ಮನ ಜೊತೆ ನಿಂತ ದಲಿತ ವೀರ ಅಂತ ಅಲ್ಲಿನ ಜನ ನೆನೆಯೋ ಹೆಸರು ಅದು. ಆ ಹೆಸರು ಬರೆದ ಬಸ್ಸು ಹತ್ತಲ್ಲ ಅಂದ್ರು ಮೇಲ್ಜಾತಿಯವರು. ಕಲ್ಲು ತೂರಾಟ, ಹಿಂಸೆ ಎಲ್ಲ ಆಯ್ತು. ಕೊನೆಗೆ ಸರ್ಕಾರ ಎಲ್ಲಾ ನಿಗಮಗಳಿಂದ, ಎಲ್ಲಾ ಜಿಲ್ಲೆಗಳಿಂದ ಎಲ್ಲರ ಹೆಸರನ್ನೂ ತೆಗೆದು ಹಾಕ್ತು. ನಮ್ಮ ಒಬ್ಬರ ಹೆಸರು ಬಂದ ತಕ್ಷಣ ಆ ಪದ್ಧತಿಯೇ ಬೇಡ ಆಯ್ತು.

ಮೂರು, ಮೊನ್ನೆ ಮೊನ್ನೆಯದು. 2022ರ ಮೇ 24, ಆಂಧ್ರದ ಅಮಲಾಪುರಂ. ಕೋನಸೀಮಾ ಜಿಲ್ಲೆಗೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರು ಸೇರಿಸ್ತೀವಿ ಅಂದಿದ್ದಕ್ಕೆ ದಲಿತ ಸಚಿವರೊಬ್ಬರ ಮನೆಗೇ ಬೆಂಕಿ ಇಟ್ಟರು. ಸಂವಿಧಾನ ಬರೆದವರ ಹೆಸರು, ಸ್ವತಂತ್ರ ಭಾರತಕ್ಕೆ ಎಪ್ಪತ್ತೈದು ತುಂಬೋ ವರ್ಷದಲ್ಲಿ.

ಹೆಸರಲ್ಲಿ ಏನೂ ಇಲ್ಲದಿದ್ರೆ ಅವರು ಯಾಕೆ ಬೆಂಕಿ ಇಡ್ತಾರೆ? ಹೆಸರಿನ ಬೆಲೆ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಇನ್ನೊಂದು ಕಡೆ, ನಮಗೆ ಕೇಳದೇ ಕೊಟ್ಟಿರೋ ಹೆಸರುಗಳು ಇವೆ. ಎ.ಕೆ. ಕಾಲೋನಿ. ಎ.ಡಿ. ಕಾಲೋನಿ. ಹರಿಜನ ಕೇರಿ. ಎ.ಕೆ. ಅಂದ್ರೆ ಆದಿ ಕರ್ನಾಟಕ, ಎ.ಡಿ. ಅಂದ್ರೆ ಆದಿ ದ್ರಾವಿಡ ಅಂತ ಬೆಂಗಳೂರಿನ ಎಚ್‌ಆರ್ ಮ್ಯಾನೇಜರಿಗೂ ಗೊತ್ತು, ಬಾಡಿಗೆ ಮನೆ ಓನರಿಗೂ ಗೊತ್ತು. ನಮ್ಮ ಹುಡುಗಿಯೊಬ್ಬಳು ಬಾಡಿಗೆ ಕರಾರಿಗೆ ಆಧಾರ್ ಕೊಟ್ಟಳು. ವಿಳಾಸ ಓದಿದ ಮೇಲೆ ಓನರ್ ಆಂಟಿ, 'ಮನೆಗೆ ನಮ್ಮ ನೆಂಟರು ಬರ್ತಾರಂತೆ ಕಣಮ್ಮ, ಬೇಜಾರ್ ಮಾಡ್ಕೋಬೇಡ' ಅಂದ್ರಂತೆ. ಅವಳ ಹೆಸರಲ್ಲಿ ಜಾತಿ ಇರಲಿಲ್ಲ. ಅವಳ ರಸ್ತೆಯ ಹೆಸರಲ್ಲಿ ಇತ್ತು. 'ಹರಿಜನ' ಅನ್ನೋ ಪದ ದಾಖಲೆಗಳಲ್ಲಿ ಬಳಸಬೇಡಿ ಅಂತ ಸರ್ಕಾರವೇ ಸುತ್ತೋಲೆ ಹೊರಡಿಸಿ ಎಷ್ಟೋ ವರ್ಷ ಆಯ್ತು. ಹಸಿರು ಬೋರ್ಡ್‌ಗಳಿಗೆ ಮಾತ್ರ ಆ ಸುತ್ತೋಲೆ ಇನ್ನೂ ತಲುಪಿಲ್ಲ.

ಮಹಾರಾಷ್ಟ್ರ 2020ರ ಡಿಸೆಂಬರಿನಲ್ಲಿ ಮಹಾರವಾಡಾ, ಮಾಂಗವಾಡಾ ಥರದ ಜಾತಿ ಹೆಸರಿನ ಬಡಾವಣೆಗಳನ್ನ ತೆಗೆದು ಸಮತಾ ನಗರ, ಭೀಮ್ ನಗರ, ಕ್ರಾಂತಿ ನಗರ ಅಂತ ಮಾಡೋಕೆ ತೀರ್ಮಾನ ಮಾಡ್ತು. ತಮಿಳುನಾಡು 2025ರಲ್ಲಿ 'ಕಾಲೋನಿ' ಅನ್ನೋ ಪದವನ್ನ ದಾಖಲೆಗಳಿಂದ ತೆಗೀತೀವಿ ಅಂತ ಘೋಷಿಸಿತು. ಸಂತೋಷ. ಆದ್ರೆ ಇಲ್ಲೂ ನನಗೊಂದು ಅನುಮಾನ ಇದೆ. ಎ.ಕೆ. ಕಾಲೋನಿಗೆ ಅಂಬೇಡ್ಕರ್ ನಗರ ಅಂತ ಬೋರ್ಡ್ ಹಾಕಿದ್ರೆ ನಾಳೆ ಆ ಹೆಸರೇ ಜಾತಿ ಆಗಿಬಿಡುತ್ತೆ. ಈಗಲೇ ಆಗಿದೆ. 'ಎಲ್ಲಿ ನಿಮ್ಮ ಮನೆ?' 'ಅಂಬೇಡ್ಕರ್ ನಗರ.' 'ಓ, ಸರಿ ಸರಿ.' ಆ 'ಓ' ಎಲ್ಲರೂ ಕೇಳಿದ್ದೀರಿ. ಅಮೆರಿಕದಲ್ಲೂ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಸ್ತೆಗಳು ಬಹಳಷ್ಟು ಕಪ್ಪು ಜನರ ಬಡಾವಣೆಗಳಲ್ಲೇ ಇವೆ ಅಂತ ಓದಿದ್ದೀನಿ. ಅಲ್ಲೂ ಇದೇ ಆಟ. ನಿಮ್ಮವರ ಹೆಸರು ನಿಮ್ಮ ಕೇರಿಯಲ್ಲಿ ಇಟ್ಕೊಳ್ಳಿ, ಊರಿನ ರಸ್ತೆಗೆ ತರಬೇಡಿ.

ಅದಕ್ಕೇ ಬೆಂಗಳೂರಿನಲ್ಲಿ ವಿಧಾನಸೌಧದ ಮುಂದಿನ ರಸ್ತೆ ಡಾ. ಅಂಬೇಡ್ಕರ್ ವೀಧಿ ಆಗಿರೋದು ನನಗೆ ದೊಡ್ಡ ವಿಷಯ. ಶಾಸಕನಾಗಿರಲಿ, ಐಎಎಸ್ ಆಗಿರಲಿ, ಯಾವ ಜಾತಿಯವನಾಗಿರಲಿ, ಲೆಟರ್ ಬರೆಯೋನು ಆ ಹೆಸರು ಬರೀಲೇಬೇಕು. ಅದು ಎಲ್ಲರ ವಿಳಾಸ. ಬಾಬಾಸಾಹೇಬರ ಹೆಸರು ಇರಬೇಕಾದ್ದು ಅಲ್ಲಿ, ಊರಿನ ನಟ್ಟನಡುವೆ. ನಮ್ಮ ಮೇಷ್ಟ್ರ ವಿಷಯದಲ್ಲೂ ನಾವು ಕೇಳ್ತಿರೋದು ಅದನ್ನೇ. ಕೇರಿಯೊಳಗಿನ ಗಲ್ಲಿಗೆ ಬೇಡ, ಊರಿಗೆಲ್ಲ ಬೇಕಾದ ರಸ್ತೆಗೆ ಇಡಿ.

ಮೇಷ್ಟ್ರು ಯಾರು ಅಂತ ಹೇಳಬೇಕು. ಹೆಸರು ಇಲ್ಲಿ ಬರಿಯಲ್ಲ, ಅವರ ಮನೆಯವರು ಬೇಡ ಅಂದಿದ್ದಾರೆ. ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವರು. ಪಕ್ಕದ ಊರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮೂವತ್ತು ವರ್ಷಕ್ಕೂ ಮೇಲೆ ಅದೇ ರಸ್ತೆಯಲ್ಲಿ ಸೈಕಲ್ ತುಳಿದ್ರು. ಊರ ಬೀದಿಯಲ್ಲಿ ಸೈಕಲಿಂದ ಇಳಿಯದೇ ಹೋದ ನಮ್ಮವರಲ್ಲಿ ಅವರೇ ಮೊದಲು. ಜೂನ್ ಬಂತು ಅಂದ್ರೆ ಟ್ರಂಕು, ಚಾಪೆ ಹೊತ್ತ ಹುಡುಗರನ್ನ ಸಾಲಾಗಿ ಕರ್ಕೊಂಡು ಬಸ್ ಸ್ಟಾಪಿಗೆ ಹೋಗಿ ತಾಲ್ಲೂಕಿನ ಸಮಾಜ ಕಲ್ಯಾಣ ಹಾಸ್ಟೆಲ್ಲಿಗೆ ಸೇರಿಸಿ ಬರೋರು. ಅಪ್ಪ ಇಲ್ಲದ ಮಕ್ಕಳ ಫಾರಮ್ಮಿಗೆ ಪೋಷಕರ ಜಾಗದಲ್ಲಿ ಅವರೇ ಸೈನ್ ಹಾಕೋರು. ನನ್ನ ಫಾರಮ್ಮಿನಲ್ಲೂ ಅವರ ಸೈನೇ ಇದೆ. ಹಾಗೇ ಊರ ಗೌಡರ ಕೇರಿಯ ಬಡ ಮಕ್ಕಳಿಗೂ ಸಂಜೆ ಲೆಕ್ಕ ಹೇಳಿಕೊಟ್ಟರು. ಅವರಲ್ಲೊಬ್ಬರು ಇವತ್ತು ಪಂಚಾಯ್ತಿ ಸದಸ್ಯರು. ಮೂರೂ ಸಲ ಸಭೆಯಲ್ಲಿ ಇದ್ರು. ಒಂದು ಮಾತು ಆಡಲಿಲ್ಲ.

ಸಭೆಯಲ್ಲಿ ಬಂದ ಮಾತು ಏನು ಅಂದ್ರೆ, 'ಊರ ದೇವರ ಹೆಸರು ಇಡೋಣ, ಎಲ್ಲರಿಗೂ ಒಪ್ಪಿಗೆ ಆಗುತ್ತೆ, ಜಾತಿ ಯಾಕೆ ತರ್ತೀರಿ?' ಆ ದೇವರ ಗುಡಿಯೊಳಕ್ಕೆ ನಮ್ಮವರು ಇವತ್ತಿಗೂ ಹೋಗಲ್ಲ. ನಮಗೆ ಬಾಗಿಲು ಮುಚ್ಚಿದ ದೇವರು 'ಎಲ್ಲರ' ಹೆಸರು, ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು 'ಜಾತಿ' ಹೆಸರು. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಮೂರನೇ ಸಲ ಮುಂದೂಡಿದಾಗ ನಾವು ಹುಡುಗರೇ ಚಂದಾ ಎತ್ತಿ ಒಂದು ತಗಡಿನ ಬೋರ್ಡ್ ನೆಟ್ಟೆವು. ಎಂಟನೇ ದಿನ ಬೆಳಗ್ಗೆ ನೋಡಿದ್ರೆ ಅದರ ಮೇಲೆ ಸಗಣಿ. ಯಾರು ಅಂತ ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಎಲ್ಲರೂ ಅಂದ್ರು. ಹುಡುಗರು ರೊಚ್ಚಿಗೆದ್ದರು. ಕೇಸ್ ಹಾಕೋಣ, ರಸ್ತೆ ತಡೆ ಮಾಡೋಣ ಅಂತ ನಾನೂ ಹೊರಟೆ. ಮೊದಲು ಅಮ್ಮನ್ನ, ಅಂದ್ರೆ ಮೇಷ್ಟ್ರ ಹೆಂಡ್ತೀನ ಕೇಳೋಣ ಅಂತ ಮನೆಗೆ ಹೋದೆವು.

ಅಮ್ಮ ಬೋರ್ಡ್ ನೋಡಿ ಬಂದಿದ್ರು. 'ಬೇಡ ಕಣ್ರಪ್ಪ' ಅಂದ್ರು. 'ಅವ್ರು ಬದುಕಿದ್ದಾಗ ಎದುರಿಗೆ ನಿಂತು ಒಂದು ಮಾತು ಅನ್ನೋಕೆ ಯಾರಿಗೂ ಧೈರ್ಯ ಇರ್ಲಿಲ್ಲ. ಈಗ ಹೆಸರು ತಗಂಡೋಗಿ ಬೀದಿಲಿ ನಿಲ್ಲಿಸಿ ಸಗಣಿ ಹೊಡೆಸ್ತಾ ಇದ್ದೀರಲ್ಲ.'

ನನಗೆ ಬಾಯಿ ಕಟ್ಟಿ ಹೋಯ್ತು. ನಾವು ಹೋರಾಟ ಹೋರಾಟ ಅಂತ ಓಡಾಡುವಾಗ, ಹೆಸರು ಯಾರದೋ ಅವರ ಮನೆಯವರು ತೆರೋ ಬೆಲೆ ಲೆಕ್ಕ ಹಾಕೋದೇ ಇಲ್ಲ. ಸುಮ್ಮನೆ ಕೂತಿದ್ದೆವು. ಟೀ ಕೊಟ್ಟರು. ಆಮೇಲೆ ಅವರೇ ಅಂದ್ರು: 'ಹೆಸರು ಇಡ್ತೀರೋ ಬಿಡ್ತೀರೋ, ಮೊದ್ಲು ಆ ರೋಡಿಗೆ ಲೈಟ್ ಹಾಕ್ಸಿ. ಹೆಣ್ಮಕ್ಕಳು ಕಾಲೇಜು ಮುಗಿಸ್ಕಂಡು ಕತ್ತಲಲ್ಲಿ ನಡ್ಕಂಡು ಬತ್ತವೆ. ನಿಮ್ ಮೇಷ್ಟ್ರು ಇದ್ದಿದ್ರೆ ಅದನ್ನೇ ಕೇಳೋರು. ಲೈಟ್ ಬಂದ್ಮೇಲೆ ಬೋರ್ಡ್ ಹಾಕಿ. ಬೆಳಕಲ್ಲಿ ಯಾರು ಬಂದು ಬಳೀತಾರೋ ಎಲ್ರಿಗೂ ಕಾಣ್ಲಿ.'

ನಾಲ್ಕನೇ ಅರ್ಜಿ ಹಾಗೇ ಬರೆದಿದ್ದೀವಿ. ಮೊದಲ ಬೇಡಿಕೆ ಬೀದಿ ದೀಪ. ಎರಡನೇದು ಹೆಸರು.

ಈಗ ನಮ್ಮ ಮನೆಯೊಳಗಿನ ಮಾತು. ಇದನ್ನ ಬರೀದೆ ಹೋದ್ರೆ ಈ ಪೋಸ್ಟಿಗೆ ಅರ್ಥ ಇಲ್ಲ.

ನಾವೂ ಹೆಸರಿನ ವಿಷಯದಲ್ಲಿ ಪ್ರಾಮಾಣಿಕರಾಗಿಲ್ಲ. ಒಂದು ಸರ್ಕಲ್ಲಿಗೆ ಬಾಬಾಸಾಹೇಬರ ಹೆಸರೋ ಬಾಬೂಜಿ ಹೆಸರೋ ಅಂತ ಎಡಗೈ-ಬಲಗೈ ಕಿತ್ತಾಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ನಾವು ಕಿತ್ತಾಡೋದನ್ನ ನೋಡಿ ಮೂರನೆಯವರು ತಮ್ಮ ಹೆಸರು ಇಟ್ಕೊಂಡು ಹೋದ್ರು. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು, ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸೋಕೆ ಮಂತ್ರಿಯಾಗಿ ಆದೇಶ ಮಾಡಿದ ಬಸವಲಿಂಗಪ್ಪನವರು, ಇವರ ಹೆಸರಿಗೆ ನಮ್ಮ ತಾಲ್ಲೂಕಿನಲ್ಲಿ ಒಂದು ಗಲ್ಲಿಯಾದರೂ ಇದೆಯಾ? ನಾವು ಕೇಳಿದ್ದೀವಾ? ಬರೀ ಫ್ಲೆಕ್ಸ್ ಹಾಕಿದ್ದೀವಿ, ಅದರಲ್ಲೂ ಬಾಬಾಸಾಹೇಬರಿಗಿಂತ ನಮ್ಮ ಫೋಟೋನೇ ದೊಡ್ಡದು.

ಮತ್ತೆ ಹೆಣ್ಣುಮಕ್ಕಳು. ಚಿತ್ರದುರ್ಗದ ಒನಕೆ ಓಬವ್ವ ಬಿಟ್ಟರೆ ನಮ್ಮವರಲ್ಲಿ ಎಷ್ಟು ಹೆಂಗಸರ ಹೆಸರು ಬೋರ್ಡ್ ಮೇಲಿದೆ? ಓಬವ್ವನ ಜಯಂತಿಯನ್ನ ಸರ್ಕಾರ ಶುರು ಮಾಡಿದ್ದೂ 2021ರಲ್ಲಿ. ನಮ್ಮೂರಲ್ಲಿ ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ ಇದ್ರು, ಎಲ್ಲಾ ಜಾತಿ ಮನೆಯ ಮಕ್ಕಳೂ ಅವರ ಕೈಗೇ ಹುಟ್ಟಿದ್ದು. ಅವರ ಹೆಸರು ನಮ್ಮ ಅರ್ಜಿಯಲ್ಲೂ ಬಂದಿರಲಿಲ್ಲ. ಇದನ್ನ ಎತ್ತಿ ಹೇಳಿದ್ದು ನನ್ನ ಹೆಂಡತಿ. ಕೇರಿಯ ಅಂಗನವಾಡಿ ರಸ್ತೆಗೆ ಆ ಅಜ್ಜಿ ಹೆಸರು ಅಂತ ಈ ಸಲ ಸೇರಿಸಿದ್ದೀವಿ.

'ಭೂಮಿ ಕೇಳು' ಅನ್ನೋ ಸಂಗಾತಿಗಳಿಗೆ: ನೀವು ಹೇಳೋದು ಸರಿ. ಹೆಸರು ಇಟ್ಟು ಬಾಯಿ ಮುಚ್ಚಿಸೋದು ಹಳೆ ತಂತ್ರ. ಎಲೆಕ್ಷನ್ ಹತ್ರ ಬಂದಾಗ ಸರ್ಕಲ್ಲಿಗೆ ಹೆಸರು, ಭೂಮಿಯ ಅರ್ಜಿ ಕಸದ ಬುಟ್ಟಿಗೆ. ಹಾಗಾಗಬಾರದು. ಆದ್ರೆ ಎರಡರಲ್ಲಿ ಒಂದನ್ನ ಆರಿಸ್ಕೋ ಅಂತ ನಮಗೆ ಮಾತ್ರ ಯಾಕೆ ಹೇಳ್ತಾರೆ? ಭೂಮಿ ಇರೋರಿಗೇ ರಸ್ತೆಗಳ ಹೆಸರೂ ಇವೆ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಆಗ ಕಾವೇರಿ ಹೆಸರು ಇಡಬೇಕು ಅಂತ ಕೆಲವರು, ನಾಲ್ವಡಿ ಕೃಷ್ಣರಾಜ ಒಡೆಯರ್ ಹೆಸರು ಅಂತ ಕೆಲವರು ವಾದ ಮಾಡಿದ್ರು. ನಾಲ್ವಡಿಯವರ ಮೇಲೆ ನನಗೆ ಗೌರವ ಇದೆ. 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿ ಮೀಸಲಾತಿಗೆ ದಾರಿ ಮಾಡಿದ ದೊರೆ. ಆ ಹೆಸರು ಇಟ್ಟಿದ್ರೆ ನಾನೂ ಚಪ್ಪಾಳೆ ತಟ್ತಿದ್ದೆ. ಆದ್ರೆ ಅದೇ ವರ್ಷ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಅಂತ ಆಯ್ತು. ಅಪಘಾತ ತಡೆಯೋಕೆ ಅಂದ್ರು, ಆ ಮಾತನ್ನ ತಳ್ಳಿಹಾಕಲ್ಲ. ಸರ್ವಿಸ್ ರಸ್ತೆ, ಅಂಡರ್‌ಪಾಸು ನೆಟ್ಟಗಿದ್ರೆ ಒಪ್ಪಬಹುದಿತ್ತು. ಜಲ್ಲಿ ಹೊತ್ತವರು, ಟಾರಿನ ಹಬೆ ಕುಡಿದವರು ಈಗ ಹಳೆ ಟಿವಿಎಸ್ ಮೇಲೆ ಗುಂಡಿ ಬಿದ್ದ ಸರ್ವಿಸ್ ರಸ್ತೆಯಲ್ಲಿ ಹೋಗ್ತಾರೆ. ಯಾರ ಹೆಸರು ಅನ್ನೋದರ ಜೊತೆಗೇ ಯಾರು ಓಡಾಡ್ತಾರೆ ಅಂತಲೂ ಕೇಳಬೇಕು. ಅಯ್ಯನ್‌ಕಾಳಿ ಗಾಡಿ ಹೊಡೆದಿದ್ದು ಅದಕ್ಕೇ. ಅಮ್ಮ ಲೈಟ್ ಕೇಳಿದ್ದೂ ಅದಕ್ಕೇ.

ಕೊನೆಯದಾಗಿ, ಓದಿದವರು ಲೈಕ್ ಒತ್ತಿ ಸುಮ್ಮನಾಗಬೇಡಿ. ನಿಮ್ಮೂರಲ್ಲಿ ಮಾಡಬಹುದಾದ ಕೆಲಸ ಇಷ್ಟು:

ನಿಮ್ಮ ಪಂಚಾಯ್ತಿಯಲ್ಲಿ ಯಾವ್ಯಾವ ರಸ್ತೆಗೆ ಯಾರ ಹೆಸರಿದೆ ಅಂತ ಪಟ್ಟಿ ಮಾಡಿ. ನೋಡಿದ್ರೆ ನಿಮಗೇ ತಿಳಿಯುತ್ತೆ.

ಬೋರ್ಡ್ ಮೇಲೆ 'ಹರಿಜನ', 'ಎ.ಕೆ. ಕಾಲೋನಿ' ಇದ್ರೆ ಫೋಟೋ ತೆಗೆದು, ಬದಲಾಯಿಸಿ ಅಂತ ಪಿಡಿಒಗೆ ಬರವಣಿಗೆಯಲ್ಲಿ ಕೊಡಿ. ಸ್ವೀಕೃತಿ ತಗೊಳ್ಳಿ. ಬಾಯಿಮಾತು ಬೇಡ.

ಊರಿಗೆ ಕೆಲಸ ಮಾಡಿ ತೀರಿಕೊಂಡ ನಮ್ಮವರ ಪಟ್ಟಿ ಮಾಡಿ. ಮೇಷ್ಟ್ರು, ಸೂಲಗಿತ್ತಿ, ತಮಟೆ ಕಲಾವಿದ, ಪೌರಕಾರ್ಮಿಕ. ಅರ್ಧದಷ್ಟಾದರೂ ಹೆಂಗಸರ ಹೆಸರು ಇರಲಿ. ಅವರ ಮನೆಯವರನ್ನ ಕೇಳದೇ ಹೆಸರು ಕೊಡಬೇಡಿ. ಈ ಪಾಠ ನಾನು ಬೈಸಿಕೊಂಡು ಕಲಿತದ್ದು.

ಹೆಸರಿನ ಜೊತೆ ಒಂದು ಸೌಕರ್ಯವನ್ನೂ ಕೇಳಿ. ದೀಪ, ಚರಂಡಿ, ಬಸ್ ಶೆಲ್ಟರ್, ಏನಾದ್ರೂ ಸರಿ.

ಗ್ರಾಮಸಭೆಗೆ ಹೋಗಿ, ಬಾಗಿಲ ಹತ್ರ ನಿಲ್ಲಬೇಡಿ, ಒಳಗೆ ಕೂತ್ಕೊಳ್ಳಿ. ನಡಾವಳಿಯಲ್ಲಿ ನಿಮ್ಮ ಮಾತು ಬರೆದದ್ದನ್ನ ಓದಿಸಿ ಸೈನ್ ಮಾಡಿ.

ನಮ್ಮ ಅರ್ಜಿಗೆ ಈ ಸಲ ನೂರಾ ಹನ್ನೆರಡು ಸಹಿ ಇದೆ. ಅದರಲ್ಲಿ ಒಂಬತ್ತು ಊರೊಳಗಿನವರದು, ಮೇಷ್ಟ್ರ ಹತ್ರ ಸಂಜೆ ಲೆಕ್ಕ ಕಲಿತವರದು. ಆ ಪಂಚಾಯ್ತಿ ಸದಸ್ಯರದ್ದು ಇನ್ನೂ ಬಂದಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ರು. 'ನೋಡಣ ಬಿಡು' ಅಂದ್ರು. ನಾನು ಹೇಳಿದೆ, 'ಅಣ್ಣ, ಒಂಬತ್ತರ ಮಗ್ಗಿ ನಿಮಗೆ ಯಾರು ಹೇಳಿಕೊಟ್ಟಿದ್ದು ಅನ್ನೋದನ್ನ ಮಾತ್ರ ಸಭೆಲಿ ಹೇಳಿ, ಸಾಕು.'

ಹೇಳ್ತಾರೋ ಇಲ್ವೋ ಬರೋ ವಾರ ಗೊತ್ತಾಗುತ್ತೆ. ಏನಾಯ್ತು ಅಂತ ಇಲ್ಲೇ ಬರೀತೀನಿ. ನಿಮ್ಮೂರ ರಸ್ತೆಗೆ ಯಾರ ಹೆಸರು ಇರಬೇಕಿತ್ತು ಅಂತ ಕಾಮೆಂಟಿನಲ್ಲಿ ತಿಳಿಸಿ, ಅವರು ಏನು ಮಾಡಿದ್ರು ಅಂತ ಒಂದು ಸಾಲು ಸೇರಿಸಿ. ಬೋರ್ಡ್ ಬರೋ ತನಕ ಇಲ್ಲಾದ್ರೂ ಆ ಹೆಸರುಗಳು ಇರಲಿ.

ಜೈಭೀಮ್.